ಹನ್ನೆರಡು ಪಾಠದ ಮುಯ್ಯಿ

ನಾ ಚೀನಾದ ಹುಡುಗರಿಗೆ ಇಂಗ್ಲಿಷ್ ಕಲಿಸ್ತೀನಿ ಅಂದ್ರ ನಮ್ಮ ಮನಿ ಮಾಲಕಿ ಒಂದು ವರ್ಷ ನಂಬಲೇ ಇಲ್ಲ. ಗಡಿ ಆಚಿ, ಮಹಾರಾಷ್ಟ್ರದ ಉಮರ್ಗಾದಾಗ ಹೈವೇ ಹಿಂದಿನ ಓಣ್ಯಾಗ ಆಕಿ ಮನಿ, ಮ್ಯಾಲಿನ ಒಂದು ಖೋಲ್ಯಾಗ ನಾ ಭಾಡಗಿಗಿ. ವಾರದಾಗ ಮೂರು ದಿನ, ಮಧ್ಯಾಹ್ನ ಮೂರೂವರಿ ಆಗೂದೇ ತಡ, ಬಾಗಿಲು ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದ ಕೂತು ನಾ ಕೈ ಬೀಸಾಕಿ, ಹಾಡು ಹೇಳಾಕಿ, ಚಪ್ಪಾಳಿ ಹೊಡ್ಯಾಕಿ. ಆಕಿ ಕೆಳಗ ಅಂಗಳದಾಗ ಕುರಿಗಿ ಸೊಪ್ಪು ಹಾಕ್ಕೋತ ಎಲ್ಲಾ ಕೇಳಿಸ್ಕೊಂತಿದ್ಳು. ಬೀರಪ್ಪನ ಒಕ್ಕಲು ಅವರು, ಕುರಿ ಸಾಕೋ ಮನಿತನ, ಮನಸ್ಸಿನ್ಯಾಗ ಇದ್ದದ್ದು ಬಾಯಾಗ ಬರ್ತದ. ಒಂದಿನ ಮೆಟ್ಟಲ ಮ್ಯಾಲೇ ನಿಲ್ಸಿ ಕೇಳಿದ್ಳು, "ಅಕ್ಕೋರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೈಯಾಗ ಆರಾಮ ಅದ ಇಲ್ಲ? ಒಬ್ಬಾಕೇ ಮಾತಾಡ್ತೀರಿ, ಒಬ್ಬಾಕೇ ನಗ್ತೀರಿ." ನನಗ ಸಿಟ್ಟೂ ಬಂತು, ನಗಿನೂ ಬಂತು. "ಒಬ್ಬಾಕಿ ಅಲ್ರವ್ವ, ಆಕಡಿ ಚೀನಾದಾಗ ಹುಡುಗರು ಕೂತಾರ" ಅಂದೆ. "ಹೌದೇನ್ರಿ" ಅಂತ ನನ್ನ ಹಣಿ ಮುಟ್ಟಿ ಜ್ವರ ಅದ ಏನು ಅಂತ ನೋಡಿದ್ಳು.

ಆಕಿ ತಪ್ಪೇನೂ ಇರಲಿಲ್ಲ. ಆ ಮೂರು ತಾಸು ಬಿಟ್ರ ನನ್ನ ಬಾಯಾಗಿಂದ ಮಾತು ಬರೋದೇ ಅಪರೂಪ. ಅಂಗಡ್ಯಾಗ ಎರಡು ಮಾತು ಮರಾಠಿ, ಮೆಟ್ಟಲದಾಗ ಎರಡು ಮಾತು ಕನ್ನಡ, ಮುಗೀತು. ಹಬ್ಬ ಇದ್ರ ದಾಳಿಂಬಕ್ಕ ಹೋಗ್ತೀನಿ, ಅದು ನಾ ಹುಟ್ಟಿದ ಊರು. ಅಲ್ಲಿ ಅಣ್ಣ ಹೊಲ ನೋಡ್ಕೋತಾನ. ಒಕ್ಕಲುತನದ ಮನಿ, ಹಣಿಗಿ ವಿಭೂತಿ ಹಚ್ಚದ ಊಟಕ್ಕ ಕೂಡದ ಮಂದಿ. ನನಗ ನಲವತ್ತು ದಾಟ್ಯಾವ, ಮದಿವಿ ಆಗಿಲ್ಲ. ಯಾಕ ಆಗಿಲ್ಲ ಅಂತ ಕೇಳೋರು ಈಗ ಕೇಳೋದೂ ಬಿಟ್ಟಾರ. ಅವರು ಕೇಳ್ತಿದ್ದಾಗ ಸಿಟ್ಟು ಬರ್ತಿತ್ತು, ಕೇಳೋದು ಬಿಟ್ಟ ಮ್ಯಾಲ ಅದಕ್ಕೂ ಸಿಟ್ಟು ಬರ್ತದ.

ಕಲ್ತಿದ್ದೇನು ಕಡಿಮಿ ಅಲ್ಲ. ಕನ್ನಡ ಅಕ್ಷರ ಅಜ್ಜಿ ಕಲಿಸಿದ್ಳು, ಸಾಲಿ ಮರಾಠಿ, ಉದಗೀರದಾಗ ಇಂಗ್ಲಿಷ್ ಎಂ.ಎ., ಅದರ ಮ್ಯಾಲ ಬಿ.ಎಡ್. ಆಮ್ಯಾಲ ನಿಲಂಗಾದ ಒಂದು ಕಾಲೇಜಿನ್ಯಾಗ ತಾಸಿಕಾ ಮ್ಯಾಡಮ್. ನಮ್ಮ ಕಡಿ ತಾಸಿಕಾ ಅಂದ್ರ ಎಲ್ಲಾರಿಗೂ ಗೊತ್ತು. ಕಲಿಸಿದ ತಾಸಿಗಷ್ಟೇ ಪಗಾರ. ಸೂಟಿಗಿ ಇಲ್ಲ, ಪರೀಕ್ಷಾಕ್ಕ ಇಲ್ಲ, ಜ್ವರಕ್ಕಂತೂ ಇಲ್ಲೇ ಇಲ್ಲ. ಬಾಜೂ ವರ್ಗದಾಗ ಕಾಯಂ ಸರ್ ಅದೇ ಪುಸ್ತಕದ ಅದೇ ಪಾಠ ಕುರ್ಚಿ ಮ್ಯಾಲ ಕೂತು ಓದಿ ಹೋಗ್ತಿದ್ರು. ಅವರ ಪಗಾರದಾಗ ನನ್ನಂಥಾ ಏಳೆಂಟು ಮಂದಿ ಸಿಗ್ತಿದ್ರು. ಹನ್ನೆರಡು ವರ್ಷ ಎಸ್.ಟಿ. ಬಸ್ಸಿನ್ಯಾಗ ನಿಂತು ಹೋಗಿ ಬಂದೆ. ಪ್ರತಿ ವರ್ಷ ಜೂನ್‌ದಾಗ ಮತ್ತ ಅರ್ಜಿ, ಮತ್ತ ಇಂಟರ್‌ವ್ಯೂ, ಅವೇ ಮಾರಿಗಳು, ಅದೇ ಪ್ರಶ್ನಿ. ಒಂದು ಜೂನ್‌ದಾಗ ಕರೀಲಿಲ್ಲ. ಯಾಕ್ರಿ ಅಂತ ಕೇಳ್ಲಾಕ ಹೋದ್ರ ಸಿಪಾಯಿ ಸೈತ ಮ್ಯಾಲೆ ನೋಡಲಿಲ್ಲ.

ಆವಾಗ ಸಿಕ್ಕಿದ್ದು ಈ ಚೀನಾ ಕಂಪನಿ. ಫೋನಿನ್ಯಾಗ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಎರಡು ಸರ್ತಿ ಪರೀಕ್ಷಾ ತಗೊಂಡ್ರು, ನನ್ನ ಉಚ್ಚಾರ ಸ್ವಚ್ಛ ಅದ ಅಂದ್ರು. ಹಿಂದಿನ ಗ್ವಾಡಿ ಬೆಳ್ಳಗ ಇರಬೇಕು ಅಂದ್ರು, ಚಾದರ ಕಟ್ಟಿದೆ. ಹಣಿ ಮ್ಯಾಲಿಂದು ಏನದ, ಹುಡುಗರು ಅಂಜ್ತಾರ ಅಂದ್ರು. ವಿಭೂತಿ ಒರೆಸ್ಕೊಂಡೆ. ಸುಳ್ಳು ಯಾಕ ಹೇಳಲಿ, ಅವತ್ತು ಕನ್ನಡಿ ಮುಂದ ನಿಂತು ಒರೆಸ್ಕೊಳ್ಳಾಕ ಕೈ ಏಳಲಿಲ್ಲ. ಆದ್ರ ಆಮ್ಯಾಲ ರೂಢಿ ಆತು. ಪಾಠ ಮುಗಿದ ಮ್ಯಾಲ ಆರೂವರಿಗೆ ಮತ್ತ ಹಚ್ಕೊಂತಿದ್ದೆ. ಪಗಾರ ತಾಸಿಕಾಕ್ಕಿಂತ ಎಷ್ಟೋ ಪಾಲು ಚೊಲೋ ಇತ್ತು. ಭಾಡಗಿ, ಊಟ, ಔಷಧ ಎಲ್ಲಾ ಅದ್ರಾಗೇ.

ನಾಕು ಮಂದಿ ಹುಡುಗರು ನನ್ನ ಪಾಲಿಗೆ. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಪಾಠ, ನಡುನಡುವ ಬಿಡುವು. ಮೂರು ಮಂದಿ ಅವ್ವ ಅಪ್ಪನ ಹೆದರಿಕಿಗಿ ಕೂಡೋರು, ಇದ್ದದ್ದು ಹೇಳ್ತೀನಿ. ನಾಕನೇದಾಕಿ ಎಂಟು ವರ್ಷದ ಹುಡುಗಿ. ಪರದೆ ಮ್ಯಾಲ ಆಕಿ ಮಾರಿ ಮೂಡೋದಕ್ಕಿಂತ ಮೊದಲೇ "ಟೀಚರ್!" ಅಂತ ಕೂಗು ಬರ್ತಿತ್ತು. ಮುಂದಿನ ಹಲ್ಲು ಬಿದ್ದಾಗ ಅದನ್ನ ಕ್ಯಾಮೆರಾಕ್ಕ ಅಂಟಿಸಿ ತೋರಿಸಿದಾಕಿ. ಹಿಂದ ಆಕಿ ಅಜ್ಜಿ ಬೆಳ್ಳುಳ್ಳಿ ಸುಲ್ಕೋತ ಕೂಡ್ತಿದ್ಳು, ಆ ಮುದುಕಿಗೆ ನಾ ಕೈ ಮುಗದ್ರ ಆಕಿನೂ ಬೆಳ್ಳುಳ್ಳಿ ಕೈಲೇ ಮುಗಿಯಾಕಿ. ನನ್ನ ನೋಡಿ ಅಷ್ಟು ಖುಷಿ ಪಡೋರು ಈ ಜಗತ್ತಿನ್ಯಾಗ ಮತ್ತ್ಯಾರೂ ಇರಲಿಲ್ಲ. ಆ ಕೂಗಿನ ಸಲುವಾಗಿ ನಾ ಮೂರು ಗಂಟೆಗೇ ಮಾರಿ ತೊಳ್ಕೊಂಡು ತಯಾರಾಗಿ ಕೂಡ್ತಿದ್ದೆ.

ಸೋಮವಾರ, ಬುಧವಾರ, ಶುಕ್ರವಾರ ನಾ ಕಲಿಸ್ತಿದ್ದೆ. ಉಳಿದ ಮೂರು ದಿನ ಅದೇ ನಾಕು ಹುಡುಗರಿಗೆ ಅದೇ ಪುಸ್ತಕ ಇನ್ನೊಬ್ಬಾಕಿ ಕಲಿಸ್ತಿದ್ಳು. ಆಕಿ ಇಂಗ್ಲೆಂಡಿನಾಕಿ, ಐವತ್ತು ದಾಟಿದಾಕಿ. ಚೀನಾದಾಗೇ, ಕಂಪನಿ ಇದ್ದ ಊರಾಗೇ, ಹದಿನೇಳನೇ ಮಜಲಿನ ಒಂದು ಖೋಲ್ಯಾಗ ಇದ್ಳು. ನಾವು ಮಾರಿ ಮಾರಿ ನೋಡಿದವರಲ್ಲ. ಪಾಠ ಮುಗಿದ ಮ್ಯಾಲ ಮರುದಿನದಾಕಿ ಸಲುವಾಗಿ ಕಂಪನಿ ವಹಿದಾಗ ಒಂದು ಟಿಪ್ಪಣಿ ಬರೀಬೇಕು ಅಂತ ಪದ್ಧತಿ ಇತ್ತು. ವಹಿ ಅಂದ್ರ ಅದೂ ಇಂಟರ್‌ನೆಟ್ಟಿನ್ಯಾಗೇ. ಮೊದಲು "ಹದಿನಾಕನೇ ಪುಟ ಆತು" ಅಂತಷ್ಟೇ ಬರೀತಿದ್ವಿ. ಆಮ್ಯಾಲ "ಹುಡುಗಿಗೆ ನೆಗಡಿ ಆಗ್ಯದ, ಹಾಡು ಹೇಳಸ್ಬ್ಯಾಡ" ಅಂತ ಬಂತು. ಆಮ್ಯಾಲ "ಇಲ್ಲಿ ಮೂರು ದಿನದಿಂದ ಮಳಿ, ಯಾರ ಜೋಡಿನೂ ಮಾತಾಡಿಲ್ಲ" ಅಂತ ಬಂತು. ನಾನೂ ಬರದೆ, ಇಲ್ಲಿ ಮಳಿ ಇಲ್ಲ, ಆದ್ರ ನಾನೂ ಮಾತಾಡಿಲ್ಲ ಅಂತ. ಆಕಿ ಬರದದ್ದು ಇಂಗ್ಲಿಷ್, ನಾ ಈಗ ನನ್ನ ಮಾತಿನ್ಯಾಗ ಹೇಳ್ಲಾಕತ್ತೀನಿ, ಅಷ್ಟೇ ಫರಕ.

ಆಕಿ ಓದಿದ್ದು ನನಗಿಂತ ಕಡಿಮಿ. ತಾನೇ ಹೇಳಿದ್ಳು. ತನ್ನ ದೇಶದಾಗ ಇಪ್ಪತ್ತು ವರ್ಷ ಒಂದು ಅಂಗಡಿ ಗಲ್ಲಾದ ಮ್ಯಾಲ ಕೂತಾಕಿ, ಗಂಡನ್ನ ಬಿಟ್ಟಾಕಿ, ಒಂದಿನ ವಿಮಾನ ಹತ್ತಿ ಚೀನಾಕ್ಕ ಬಂದಾಕಿ. ನನಗೇನು ಅದರ ಮ್ಯಾಲ ಹೊಟ್ಟಿಕಿಚ್ಚು ಇರಲಿಲ್ಲ. ಹುಡುಗರ ಮ್ಯಾಲ ಜೀವ ಇಟ್ಟಿದ್ಳು, ಟಿಪ್ಪಣಿ ಓದಿದ್ರೇ ಗೊತ್ತಾಗ್ತಿತ್ತು. ಮಂಗಳವಾರ ಸಂಜಿ ಆಕಿ ಟಿಪ್ಪಣಿ ಬರೋದು ಎಂಟು ನಿಮಿಷ ತಡಾ ಆದ್ರ ನನಗ ಚೈನ ಬೀಳ್ತಿರಲಿಲ್ಲ.

ಒಂದಿನ ಟಿಪ್ಪಣಿ ಬರಲಿಲ್ಲ, ಬದಲಿಗಿ ನನ್ನ ಫೋನಿಗೇ ಸಂದೇಶ ಬಂತು. ಪಿತ್ತಕೋಶದಾಗ ಹರಳು, ನಾಳಿ ಆಪರೇಷನ್, ಆಸ್ಪತ್ರ್ಯಾಗ ಹಾಸಿಗಿ ಪಕ್ಕ ಕೂಡಾಕ ಯಾರೂ ಇಲ್ಲ, ಮುಂದಿನ ವಾರದ ಪಾಠ ನೀ ಮಾಡ್ತೀ ಏನು ಅಂತ. ಕೇಳೋದೇನಿತ್ತು ಅದ್ರಾಗ. ಆ ವಾರ ಆರೂ ದಿನ ನಾನೇ ಕೂತೆ. ನನ್ನ ಹನ್ನೆರಡು ಪಾಠ, ಆಕಿವು ಹನ್ನೆರಡು. ನಡುವ ಒಂದಿನ ಲೈಟ್ ಹೋಗಿ ಬ್ಯಾಟ್ರಿ ಮುಗಿದು, ಮಾಲಕಿ ಮಗನ ಟ್ರ್ಯಾಕ್ಟರ್ ಬ್ಯಾಟ್ರಿಗೆ ವೈರು ಜೋಡಿಸಿ ಪಾಠ ಮಾಡಿದೆ. ಕೆಳಗ ಮಾಲಕಿ "ಅಕ್ಕೋರ ಚೀನಾ ನಮ್ಮ ಟ್ರ್ಯಾಕ್ಟರ್ ಮ್ಯಾಲ ನಡೀತದ" ಅಂತ ಓಣಿಗೆಲ್ಲಾ ಹೇಳ್ಕೋತ ಅಡ್ಡಾಡಿದ್ಳು. ಅವತ್ತಿನಿಂದ ಆಕಿ ನಂಬಿದ್ಳು ನೋಡ್ರಿ.

ತಿಂಗಳ ಪಗಾರ ಬಂದಾಗ ಆ ಹನ್ನೆರಡು ಪಾಠದ ರೊಕ್ಕವೂ ನನ್ನ ಖಾತಿಗೇ ಬಂತು. ಯಾರು ಕಲಿಸಿದ್ರೋ ಅವರಿಗೆ, ಅದು ಕಂಪನಿ ರೀತಿ. ಆದ್ರ ನನ್ನ ರೀತಿ ಬ್ಯಾರೆ. ನಾ ಸಣ್ಣಾಕಿದ್ದಾಗ ದಾಳಿಂಬದಾಗ ಮುಯ್ಯಿ ಇತ್ತು, ಮರಾಠಿ ಮಂದಿ ಸಾವಡ ಅಂತಾರ. ಇವತ್ತು ನಿಮ್ಮ ಹೊಲದ ಕಸ ತೆಗೀಲಾಕ ನಾವು ಬರ್ತೀವಿ, ನಾಳಿ ನಮ್ಮ ಹೊಲಕ್ಕ ನೀವು ಬರ್ರಿ. ದಿನಕ್ಕ ದಿನ. ಗಟ್ಟಿ ಹೆಣ್ಮಗಳ ದಿನ ಆಗ್ಲಿ, ಬೆನ್ನು ಬಾಗಿದ ಮುದುಕಿ ದಿನ ಆಗ್ಲಿ, ಒಂದಕ್ಕ ಒಂದೇ. ಒಮ್ಮೆ ನಮ್ಮವ್ವಗ ಜ್ವರ ಬಂದಾಗ ಆಕಿ ಬದಲಿ ನನ್ನ ಕಳಿಸಿದ್ಳು. ನಾ ಹನ್ನೊಂದು ವರ್ಷದಾಕಿ, ಕಸಕ್ಕಿಂತ ತೊಗರಿ ಸಸಿನೇ ಹೆಚ್ಚು ಕಿತ್ತೆ. ಆದ್ರೂ ಆ ಹೊಲದ ಅತ್ತಿ ಸಂಜಿಗಿ "ಆತವಾ, ನಿಮ್ಮವ್ವಂದು ಒಂದು ದಿನ ಮುಟ್ಟಿತು" ಅಂದ್ಳು. ಮುಯ್ಯಿಗೆ ಹೋದವರು ಕೂಲಿ ಮುಟ್ಟಂಗಿಲ್ಲ. ಬೆಳಿ ಹೊಲದವರದು, ನಮಗ ಬರಬೇಕಾದ್ದು ಅವರ ಒಂದು ದಿನ.

ಹಂಗಾಗಿ ನಾ ಆ ರೊಕ್ಕ ಪೂರ್ತಿ, ಒಂದು ಪೈಸಾ ಇಟಗೊಳ್ಳದ, ಆಕಿಗೆ ಕಳಿಸಿದೆ. ಜೋಡಿಗಿ ಉದ್ದಕ ಒಂದು ಪತ್ರ ಬರದೆ. ಮುಯ್ಯಿ ಅಂದ್ರೇನು, ದಿನಕ್ಕ ದಿನ ಅಂದ್ರೇನು, ಎಲ್ಲಾ ತಿಳಿಸಿ ಹೇಳಿದೆ. ಇದು ನಿನ್ನ ಹೊಲದ ಬೆಳಿ, ಆಸ್ಪತ್ರಿ ಖರ್ಚಿಗೆ ಆಗ್ಲಿ, ನನಗ ಎಂದಾದ್ರೂ ಅಡಚಣಿ ಬಂದ್ರ ನೀ ಬಂದು ನನ್ನ ಹನ್ನೆರಡು ಪಾಠ ಮಾಡು, ಏನು ಅಡಚಣಿ ಅಂತ ಮುಯ್ಯಿದಾಗ ಕೇಳಂಗಿಲ್ಲ, ಲೆಕ್ಕ ಮುಗೀತು ಅಂತ ಬರದೆ. ಬರದು ಕಳಿಸಿದ ಮ್ಯಾಲ ಮನಸ್ಸು ಎಷ್ಟು ಹಗುರ ಆತು ಅಂದ್ರ, ಕೆಳಗಿಳಿದು ಹೋಗಿ ಮಾಲಕಿ ಜೋಡಿ ಕೂತು ಚಾ ಕುಡಿದೆ. ನನಗೂ ಮುಯ್ಯಿ ಕೊಡೋರು, ತಗೊಳ್ಳೋರು ಒಬ್ಬರು ಆದ್ರಲ್ಲ ಅಂತ ಖುಷಿ.

ಮರುದಿನ ಉತ್ತರ ಬಂತು. "ರೊಕ್ಕ ಮುಟ್ಟಿತು, ನಿನ್ನ ಉಪಕಾರ ಭಾಳ ಆತು. ಅರ್ಧ ನೀ ಇಟಗೊಂಡಿದ್ದಕ್ಕ ನನಗ ಬ್ಯಾಸರಿಲ್ಲ, ಕೆಲಸ ಮಾಡಿದಾಕಿ ನೀನೇ ಅಲ್ಲ. ಆದ್ರ ಅದನ್ನ ಮೊದಲೇ ಹೇಳಿದ್ರ ಚೊಲೋ ಇತ್ತು."

ಅರ್ಧ? ನಾ ಏನು ಅರ್ಧ ಇಟಗೊಂಡೆ? ಮೂರು ಸರ್ತಿ ಓದಿದೆ. ಬ್ಯಾರೆಯವರ ಬದುವಿನ್ಯಾಗ ಬಿದ್ದ ಜೋಳದ ತೆನಿ ಸೈತ ಮುಟ್ಟದ ಮನಿ ನಮ್ಮದು, ನನಗ ಕಳ್ಳಿ ಅಂತಾಳಲ್ಲ ಇಕಿ! ಅದೂ ಮೆತ್ತಗ, ಕೊನಿಗೊಂದು ನಗುಮಾರಿ ಚಿತ್ರ ಹಚ್ಚಿ. ಬೈದಿದ್ರರ ಇಷ್ಟು ಉರೀತಿರಲಿಲ್ಲ. ಅವತ್ತು ಊಟ ಸೇರಲಿಲ್ಲ. ನನ್ನ ಪಗಾರದ ಚೀಟಿ ಇದ್ದಂಗೇ ಫೋಟೋ ತೆಗೆದು ಕಳಿಸಿದೆ, ಕೆಳಗ ಒಂದೇ ಸಾಲು: "ನೋಡು, ಎಷ್ಟು ಬಂದದೋ ಅಷ್ಟೇ ಕಳಿಸೀನಿ."

ಎರಡು ದಿನ ಆಕಿ ಸುದ್ದಿ ಇಲ್ಲ. ಮೂರನೇ ದಿನ ಆಕಿ ತನ್ನ ಚೀಟಿ ಕಳಿಸಿದ್ಳು. ಅದೇ ಹುಡುಗರು, ಅದೇ ಪುಸ್ತಕ, ಅದೇ ಇಪ್ಪತ್ತೈದು ನಿಮಿಷ. ಒಂದು ಪಾಠಕ್ಕ ಆಕಿಗೆ ಬರೋದು ನನ್ನ ಎರಡು ಪಾಠದಷ್ಟು. "ನನಗ ಖರೇನೇ ಗೊತ್ತಿರಲಿಲ್ಲ. ನನಗ ನಾಚಿಗಿ ಆಗ್ಲಾಕತ್ತದ" ಅಂತ ಬರದಿದ್ಳು. ಪಾಪ, ಆಕಿ ಯಾಕ ನಾಚಬೇಕು. ನಾಚಬೇಕಾದವರು ಬ್ಯಾರೆ ಇದ್ರು. ನಿಲಂಗಾದ ತಾಸಿಕಾ ಬಿಟ್ಟು ಎಷ್ಟು ದೂರ ಬಂದೀನಿ ಅಂತ ತಿಳ್ಕೊಂಡಿದ್ದೆ, ಚೀನಾದಾಗೂ ನಾ ತಾಸಿಕಾ ಮ್ಯಾಡಮೇ ಆಗಿದ್ದೆ.

ನಮ್ಮ ಮ್ಯಾಲ ಒಬ್ಬಾಕಿ ಮ್ಯಾನೇಜರ್ ಇದ್ಳು, ಚೀನಾದ ಸಣ್ಣ ವಯಸ್ಸಿನ ಹುಡುಗಿ. ಪ್ರತಿ ಮಾತಿನ ಕೊನಿಗೆ ಒಂದು ಹೂವಿನ ಚಿತ್ರ ಹಚ್ಚಾಕಿ. ಆಕಿಗೆ ಬರದು ಕೇಳಿದೆ. "ಟೀಚರ್, ನಮ್ಮಲ್ಲಿ ಪಗಾರ ಪಾಸ್‌ಪೋರ್ಟ್ ಪ್ರಕಾರ" ಅಂದ್ಳು, ಹೂವು. ನಾ ದೂರ ಕೂತು ಕಲಿಸ್ತೀನಿ ಅಂತ ಕಡಿಮಿ ಏನು ಅಂತ ಕೇಳಿದೆ. ಇಲ್ಲ ಟೀಚರ್, ಇಲ್ಲೇ ಬಂದು ಇರೋ ನಿಮ್ಮ ದೇಶದವರಿಗೂ ಇದೇ ರೇಟು ಅಂದ್ಳು, ಹೂವು. ನನ್ನ ಪಾಠಕ್ಕ ಆ ಹುಡುಗರ ಅವ್ವ ಅಪ್ಪನ ಕಡಿಂದ ನೀವು ಅರ್ಧ ಫೀ ತಗೋತೀರೇನು ಅಂತ ಕೇಳಿದೆ. ಅದಕ್ಕ ಬರೇ ಹೂವು ಬಂತು.

ನನಗ ತಲಿ ಕೆಟ್ಟಿತು. "ಪಾಸ್‌ಪೋರ್ಟ್ ಪಾಠ ಮಾಡ್ತದೇನು? ಹಲ್ಲು ಬಿದ್ದ ಹುಡುಗಿಗೆ ಬಾಯಿ ಹ್ಯಾಂಗ ತಿರುಗಿಸಬೇಕು ಅಂತ ಪಾಸ್‌ಪೋರ್ಟ್ ಹೇಳಿ ಕೊಡ್ತದೇನು?" ಅಂತ ಬರದೆ. ಹದಿನೈದು ವರ್ಷ ಎಲ್ಲಿ ಕೂಡಿಟ್ಟಿದ್ದೆನೋ, ಕಾಯಂ ಸರ್‌ಗೆ ಅನ್ನಬೇಕಾದ್ದೂ, ಆ ಸಿಪಾಯಿಗೆ ಅನ್ನಬೇಕಾದ್ದೂ, ಎಲ್ಲಾ ಆ ಬಡ ಹುಡುಗಿ ಮ್ಯಾಲ ಸುರದೆ. ಕೊನಿಗೆ ಬರದೆ, ಒಂದು ಪಾಠಕ್ಕ ಒಂದೇ ರೇಟು ಅಂತ ಬರದು ಕೊಡ್ರಿ, ಅಲ್ಲೀತನಕ ನಾ ಬರಂಗಿಲ್ಲ, ಈ ಸೋಮವಾರದಿಂದ ನನ್ನ ಪಾಠ ಬಂದ್. ನಾಕು ಹುಡುಗರು ಪರದೆ ಮುಂದ ಖಾಲಿ ಕೂತ್ರ, ನಾಕು ಮನಿ ಅವ್ವಂದಿರು ಫೋನ್ ಹಚ್ಚಿದ್ರ, ಕಂಪನಿಗೆ ಬಿಸಿ ಮುಟ್ಟೇ ಮುಟ್ಟತದ ಅಂತ ನನ್ನ ಲೆಕ್ಕ.

ಆ ಇಂಗ್ಲೆಂಡಿನಾಕಿಗೆ ಮಾತ್ರ ಪೂರ್ತಿ ಹೇಳಲಿಲ್ಲ. ಮೊದಲೇ ನಾಚಿಗಿ ಅಂತ ಸಣ್ಣ ಆಗಿದ್ಳು, ಹೊಟ್ಟಿ ಹೊಲಿಗಿ ಇನ್ನೂ ಹಸಿ ಇತ್ತು. ನಿನ್ನ ಪಗಾರದ ಸಲುವಾಗಿ ನಾ ಜಗಳ ಹೂಡೀನಿ ಅಂತ ಹ್ಯಾಂಗ ಹೇಳೋದು? "ಈ ವಾರ ನಾ ಪಾಠ ಮಾಡಂಗಿಲ್ಲ" ಅಂತಷ್ಟೇ ಬರದೆ. ತಿಳ್ಕೋತಾಳ ಅಂತ ಅಂದ್ಕೊಂಡೆ. ನಮ್ಮ ಕಡಿ ಕೂಲಿ ಹೆಣ್ಮಕ್ಕಳು ರೇಟು ಬಗಿಹರಿಯಲಿಲ್ಲ ಅಂತ ಬದುವಿನ ಮ್ಯಾಲ ಕೂತ್ರ, ಬಾಜೂ ಊರಿನಾಕಿ ಬಂದು ಆ ಹೊಲದಾಗ ಕುಡುಗೋಲು ಹಚ್ಚಂಗಿಲ್ಲ. ಇದನ್ನೂ ಯಾರರ ಬಾಯಿ ಬಿಟ್ಟು ಹೇಳಬೇಕೇನು?

ಸೋಮವಾರ ಮೂರೂವರಿಗೆ ಖೋಲ್ಯಾಗ ಕೂಡ್ಲಾಕ ಆಗಲಿಲ್ಲ. ಕೆಳಗಿಳದು ಹೈವೇತನಕ ಹೋಗಿ, ದಾಳಿಂಬದ ಆಟೋ ಹತ್ತಿದೆ. ಸೋಯಾಬೀನ್ ರಾಶಿ ನಡದಿತ್ತು. ಅಣ್ಣನ ಹೊಲದಾಗ ಮಷೀನ್ ಬಂದು ತಿರುಗಿ ಹೋಗಿತ್ತು, ಒಬ್ಬ ಮನಷ್ಯಾನ ಸುಳಿವಿಲ್ಲ. ಅತ್ತಿಗಿ ಕೇಳಿದ್ಳು, "ಯಾಕವಾ, ಇವತ್ತು ಚೀನಾಕ್ಕ ಸೂಟಿ ಏನು?" ಹೂಂ ಅಂದೆ. ಬುಧವಾರ ಬಜಾರಕ್ಕ ಹೋದೆ, ಬೇಕಾಗಿದ್ದೇನೂ ಇರಲಿಲ್ಲ, ಮೆಂತ್ಯೆ ಪಲ್ಲ್ಯಾ ತಂದು ಸೋಸ್ಲಾರದ ಇಟ್ಟೆ. ಹುಡುಗಿ ಕೂಗು ಕಿವ್ಯಾಗ ಬರ್ತಿತ್ತು. ಪರದೆ ಮುಂದ ಕೂತು ಟೀಚರ್ ಬರಲಿಲ್ಲ ಅಂತ ಅಳ್ತಾಳೇನೋ ಅಂತ ಒಮ್ಮೆ ಅನಿಸೋದು, ಅಳಲಿ, ಅತ್ರೇ ಅವರಿಗೆ ತಿಳೀತದ ಅಂತ ಇನ್ನೊಮ್ಮೆ. ಎಂಟು ವರ್ಷದ ಕೂಸು ಅಳಬೇಕು ಅಂತ ಬಯಸೋ ಹೊತ್ತು ಬಂತಲ್ಲ ನನಗ ಅಂತ ನನ್ನ ಮ್ಯಾಲ ನನಗೇ ಹೇಸಿಗಿ ಆತು. ಶುಕ್ರವಾರ ಮೂರೂವರಿಂದ ಆರೂವರಿತನಕ ಫೋನ್ ಕೈಯಾಗ ಹಿಡ್ಕೊಂಡು ಮೆಟ್ಟಲ ಮ್ಯಾಲ ಕೂತೆ. ಯಾರೂ ಹಚ್ಚಲಿಲ್ಲ.

ಶನಿವಾರ ಮ್ಯಾನೇಜರ್ ಬರದ್ಳು. ಟೀಚರ್, ನೀವು ಬರದ ಇದ್ರೂ ಒಂದೂ ಪಾಠ ನಿಂತಿಲ್ಲ, ನಾಕು ಮನಿಯವರೂ ಆರು ದಿನಾನೂ ಒಬ್ಬರೇ ಟೀಚರ್ ಇದ್ರ ಚೊಲೋ ಅಂತ ಅಂದಾರ, ಇನ್ನು ಮುಂದ ಎಲ್ಲಾ ಪಾಠ ಇನ್ನೊಬ್ಬ ಟೀಚರ್‌ಗೇ ಕೊಟ್ಟೀವಿ, ನಿಮ್ಮ ಸೇವಾಕ್ಕ ಧನ್ಯವಾದ. ಈ ಸರ್ತಿ ಎರಡು ಹೂವು ಇದ್ವು.

ಅದರ ಹಿಂದೇ ಇಂಗ್ಲೆಂಡಿನಾಕಿ ಸಂದೇಶ. ಖುಷಿಲೇ ಕುಣ್ಯಾಕತ್ತಿತ್ತು. "ನಿನ್ನ ಹನ್ನೆರಡು ಪಾಠ ನಾ ಮುಗಿಸಿದೆ! ಹೊಲಿಗಿ ಜಗ್ಗತಿತ್ತು, ಆದ್ರೂ ಒಂದೂ ಬಿಡಲಿಲ್ಲ. ಮ್ಯಾನೇಜರ್ ಕೇಳಿದ ಕೂಡ್ಲೇ ಹೂಂ ಅಂದೆ. ನಿನಗೇನು ಅಡಚಣಿ ಬಂದದ ಅಂತ ನಾ ಕೇಳಲಿಲ್ಲ, ಮುಯ್ಯಿದಾಗ ಕೇಳಂಗಿಲ್ಲ ಅಂತ ನೀನೇ ಹೇಳಿದ್ದಿ. ಇದು ನಿನ್ನ ಹೊಲದ ಬೆಳಿ." ಜೋಡಿಗಿ, ಪಗಾರದ ದಿನ ಕಾಯದ, ರೊಕ್ಕ ಕಳಿಸಿದ್ಳು. ಆಕಿ ರೇಟಿನ ಪೂರ್ತಿ ರೊಕ್ಕ. ನಾ ಯಾವ ರೇಟಿಗೆ ಜಗಳಾಡಿದ್ದೆನೋ, ಅದೇ ರೇಟಿನ್ಯಾಗ ಹನ್ನೆರಡು ಪಾಠದ ಪಗಾರ ನನ್ನ ಕೈಗಿ ಬಂದಿತ್ತು, ನಾ ಮಾಡದ ಪಾಠದ್ದು.

ಮೊದಲು ಬೈದು ಬರದೆ. ನೀ ನನ್ನ ಹೊಟ್ಟಿ ಮ್ಯಾಲ ಹೊಡದಿ, ನಿನಗ ಅಷ್ಟೂ ತಿಳೀಲಿಲ್ಲೇನು ಅಂತ. ಕಳಿಸೋ ಮೊದಲು ಒಂದ್ಸಲ ಓದಿದೆ, ಅಳಿಸಿದೆ. ತಪ್ಪು ಆಕಿದಲ್ಲ. ನಾ ಕಲಿಸಿದ್ದನ್ನ ಅಕ್ಷರ ಬಿಡದಂಗ ಮಾಡಿದ್ಳು, ಅಷ್ಟು ಚೊಲೋ ವಿದ್ಯಾರ್ಥಿ ನನಗ ನಿಲಂಗಾದಾಗೂ ಸಿಕ್ಕಿರಲಿಲ್ಲ. ಮುಯ್ಯಿ ಬಗ್ಗೆ ಎರಡು ಪುಟ ಬರದಿದ್ದೆ, ಜಗಳದ ಬಗ್ಗೆ ಒಂದು ಸಾಲೂ ಬರದಿರಲಿಲ್ಲ. ಮಾಲಕಿಗೆ ಹೇಳಿದ್ರ ಆಕಿ ಕುರಿ ಮೈ ನೇವರಿಸ್ಕೋತ, "ಬಂದು ದುಡದು ಹೋಗ್ಯಾಳಲ್ರಿ ಪಾಪ, ಇನ್ನೇನು ಮಾಡ್ಬೇಕಿತ್ತು ಆಕಿ" ಅಂದ್ಳು. ನನಗ ಅಲ್ಲೇ ಅಂಗಳದಾಗ ಅಳು ಬಂತು. ಮಾಲಕಿ ಗಾಬರಿ ಆಗಿ ಮತ್ತ ಹಣಿ ಮುಟ್ಟಿದ್ಳು.

ಕಂಪನಿ ವಹಿ ನನ್ನ ಪಾಲಿಗೆ ಬಂದ್ ಆತು. ತೆರೀಲಾಕ ಹೋದ್ರ ನಿಮಗ ಅನುಮತಿ ಇಲ್ಲ ಅಂತ ಬರ್ತಿತ್ತು. ಹುಡುಗಿಗೆ ಹೊಸ ಹಲ್ಲು ಬಂತೋ ಇಲ್ಲೋ, ಆ ಮುದುಕಿ ಹಿಂದ ಕೂಡ್ತಾಳೋ ಇಲ್ಲೋ ಗೊತ್ತಾಗೋ ದಾರಿ ಇಲ್ಲ. ರೊಕ್ಕ ಮಾತ್ರ ವಾಪಸ್ ಕಳಿಸಲಿಲ್ಲ. ಎರಡು ತಿಂಗಳ ಭಾಡಗಿ ಅದ್ರಾಗೇ ಹೋತು, ಸುಳ್ಳು ಯಾಕ ಹೇಳಲಿ.

ಎಂಟು ದಿನ ಬಿಟ್ಟು ಆಕಿ ಮತ್ತ ಬರದ್ಳು. "ನೀ ಯಾವಾಗ ಬರ್ತೀ? ಮ್ಯಾನೇಜರ್ ಸರಿಯಾಗಿ ಹೇಳವಲ್ಲಳು. ಆರೂ ದಿನ ನನಗ ಆಗ್ಲಾಕತ್ತಿಲ್ಲ. ಹುಡುಗಿ ದಿನಾ ಕೇಳ್ತಾಳ, ಟೀಚರ್ ಎಲ್ಲಿ ಅಂತ. ಏನು ಹೇಳಲಿ?"

ಖರೆ ಹೇಳಿಬಿಡಬೇಕು ಅಂತ ಬೆರಳು ಹೋದ್ವು. ಆದ್ರ ಹೇಳಿದ್ರ ಏನಾಗ್ತದ? ನನ್ನ ಬಾಗಿಲು ಹಾಕಿದ್ದು ತಾನೇ ಅಂತ ಆಕಿಗೆ ತಿಳೀತದ. ಹೊಲಿಗಿ ಹಿಡ್ಕೊಂಡು ಕೂತು ನನ್ನ ಸಲುವಾಗಿ ಮಾಡಿದ ಆ ಹನ್ನೆರಡು ಪಾಠ ಆಕಿಗೆ ವಿಷ ಆಗ್ತಾವ. ಹದಿನೇಳನೇ ಮಜಲಿನ ಆ ಖೋಲ್ಯಾಗ ಆಕಿಗೂ ನನ್ನ ಬಿಟ್ರ ಯಾರದಾರ? ಸಿಟ್ಟೇನೂ ಹೋಗಿರಲಿಲ್ಲ. ಆದ್ರ ಅದನ್ನ ಹಾಕೋ ಜಾಗ ಅದಲ್ಲ ಅಂತ ಗೊತ್ತಿತ್ತು.

ಕೊನಿಗೆ ಬರದೆ: "ಹುಡುಗಿಗೆ ಹೇಳು, ಟೀಚರ್‌ಗೆ ಬ್ಯಾರೆ ಕಡಿ ಕೆಲಸ ಸಿಕ್ಕದ, ಪಗಾರ ಹೆಚ್ಚದ, ಅದಕ್ಕ ಹೋಗ್ಯಾಳ."

ನಿಮಿಷದಾಗ ಉತ್ತರ ಬಂತು. "ಅಯ್ಯೋ, ಎಷ್ಟು ಚೊಲೋ ಸುದ್ದಿ! ನಾ ಅಂದ್ಕೊಂಡಿದ್ದೆ. ಕೊನಿಗೂ ಒಬ್ಬರು ನಿನ್ನ ಕೆಲಸಕ್ಕ ಸರಿಯಾದ ಪಗಾರ ಕೊಟ್ರಲ್ಲ. ಎಷ್ಟು ಕೊಡ್ತಾರ?"

ನಾ ಆಕಿ ರೇಟು ಬರದು ಕಳಿಸಿದೆ.